ಕಲ್ಲಿನ ಕೆಳಗಿನಿಂದ ಬಂದವಳು

ಕಂಪ್ಲಿ
19 ನವೆಂಬರ್ 2006

ಪ್ರೀತಿಯ ಸುಮಂಗಲಾ,

ನಿನ್ನ ಪುಸ್ತಕದ ಪಿಚ್ಚರ್ ನಮ್ಮೂರಿಗೂ ಬಂತು. ನಿನ್ನೆ ಶನಿವಾರ, ಅಂಗನವಾಡಿ ಬೇಗ ಮುಗಿಯಿತು. ಪಕ್ಕದ ಮನೆಯ ಉಚ್ಚಂಗೆಮ್ಮನನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ಟಾಕೀಸಿನ ಮುಂದೆ ಅಷ್ಟು ಜನರನ್ನು ನಾನು ಈಚೆಗೆ ನೋಡಿರಲಿಲ್ಲ. ಅದಿರಿನ ಟಿಪ್ಪರ್ ಓಡಿಸುವ ಊರಿನ ಹುಡುಗರೆಲ್ಲ ರಜೆ ಹಾಕಿ ಬಂದಿದ್ದರು. ಗೇಟಿನವನು ನನ್ನನ್ನು ಗುರುತು ಹಿಡಿದು, "ಕತಿ ಬರದ ಮೇಡಮ್ಮಾರ ಅವ್ವ ಬಂದಾರ, ದಾರಿ ಬಿಡ್ರಲೇ" ಎಂದು ಫ್ಯಾನಿನ ಕೆಳಗೇ ಜಾಗ ಮಾಡಿಕೊಟ್ಟ. ನನಗೆ ಹೆಮ್ಮೆಯಾಯಿತು ಎಂದು ಬರೆಯಲು ನಾಚಿಕೆಯೇನಿಲ್ಲ.

ಪಿಚ್ಚರಿಗೆ 'ಕಲ್ಲೂರ ರಾಣಿ' ಎಂದು ಹೆಸರಿಟ್ಟಿದ್ದಾರೆ. ನಿನ್ನ 'ಕಲ್ಲಿನ ಕೆಳಗಿನ ಊರು' ಎನ್ನುವ ಹೆಸರಿಗೆ ಏನಾಗಿತ್ತೋ ತಿಳಿಯದು. ಹಂಪಿಯ ಹಿಂದಿನ ಬಂಡೆಗಳೆಲ್ಲ ಎದ್ದು ಆಕಾಶದಲ್ಲಿ ಗಿರಗಿರ ತಿರುಗುತ್ತವೆ. ಟಿಪ್ಪರ್ ಹುಡುಗರು ಆಗ ಸೀಟಿ ಹೊಡೆದದ್ದೇ ಹೊಡೆದದ್ದು. ಉಚ್ಚಂಗೆಮ್ಮ ಇಂಟರ್‌ವಲ್ಲಿನಿಂದ ಕೊನೆಯವರೆಗೂ ಅತ್ತಳು. ಲೈಬ್ರರಿಯ ಹನುಮಣ್ಣ ಮಾತ್ರ ಅರ್ಧಕ್ಕೇ ಎದ್ದು ಹೋದರು. ಊರಿನ ಎಷ್ಟೋ ಮಕ್ಕಳಿಗೆ ನಿನ್ನ ಪುಸ್ತಕ ಓದಿಸಿದವರು ಅವರು. ಬಾಗಿಲ ಹತ್ತಿರ ನಿಂತು, "ಪುಸ್ತಕಾನ ಕೊಂದಾಕಿದ್ರು" ಎಂದು ನನಗೆ ಕೇಳುವಂತೆಯೇ ಹೇಳಿದರು. ನಾನೇ ಕೊಂದ ಹಾಗೆ ನೋಡಿದರು.

ನನಗೆ ಹೇಗನ್ನಿಸಿತು ಎಂದು ನನಗೇ ಗೊತ್ತಾಗುತ್ತಿಲ್ಲ. ನಿನ್ನ ಪುಸ್ತಕದಲ್ಲಿ ಆ ಹುಡುಗಿ ತುಂಗಿಯ ಅವ್ವ ಮೊದಲನೇ ಪುಟದಲ್ಲೇ ಹರಗೋಲು ಹತ್ತಿ ಹೊಳೆ ದಾಟಲು ಹೋಗುತ್ತಾಳೆ, ಹರಗೋಲು ಮಾತ್ರ ವಾಪಸು ಬರುತ್ತದೆ. ಪುಸ್ತಕವನ್ನು ಎಷ್ಟೋ ಸಲ ಓದಿದ್ದೇನೆ. ಆ ಪುಟವನ್ನು ಮಾತ್ರ ಯಾವಾಗಲೂ ಬೇಗ ಬೇಗ ದಾಟುತ್ತಿದ್ದೆ. ಪಿಚ್ಚರಿನಲ್ಲಿ ಆ ಅವ್ವನೇ ಕಲ್ಲಿನ ಕೆಳಗಿನ ಊರಿಗೆ ರಾಣಿಯಾಗಿ ಕುಳಿತಿದ್ದಾಳೆ. ಹುಡುಕಿಕೊಂಡು ಬಂದ ಸ್ವಂತ ಮಗಳನ್ನು ನೋಡಿ, "ಯಾರ ಮಗು ಇದು? ಹೊರಗೆ ಹಾಕಿ" ಅನ್ನುತ್ತಾಳೆ. ಅದನ್ನು ಹೇಳುವ ಮೊದಲು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಾಳೆ. ಆಗ ಉಚ್ಚಂಗೆಮ್ಮ ಕತ್ತಲಲ್ಲಿ ನನ್ನ ಕಡೆ ತಿರುಗಿ ನೋಡಿದಳು. ನನ್ನ ಸೆರಗಿನ ತುದಿಯೂ ನನ್ನ ಬಾಯಲ್ಲಿತ್ತು.

ಅದನ್ನು ಅವರಿಗೆ ನೀನು ಹೇಳಿಕೊಟ್ಟೆಯಾ? ಸುಮ್ಮನೆ ಕೇಳುತ್ತಿದ್ದೇನೆ. ಇಲ್ಲಿ ಎಲ್ಲರೂ ಕೇಳುತ್ತಾರೆ, ಏನು ಹೇಳಲಿ?

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ನಾನು ಮನೆಯ ದಾರಿ ಬಿಟ್ಟು ಕೋಟೆಯ ಕಡೆ, ಹೊಳೆಯ ದಾರಿ ಹಿಡಿದಿದ್ದೆನಂತೆ. ಉಚ್ಚಂಗೆಮ್ಮ ತೋಳು ಹಿಡಿದು ತಿರುಗಿಸಿದಳು.

ನಿನ್ನ ತಮ್ಮ ರಾಮಾಂಜಿನಿ ಚೆನ್ನಾಗಿದ್ದಾನೆ. ಲೋಡು ಹೆಚ್ಚು, ನಿದ್ದೆ ಕಡಿಮೆ.

ನಿನ್ನ ಅವ್ವ,
ಊರಮ್ಮ


ಬೀದರ್
3 ಡಿಸೆಂಬರ್ 2006

ಅವ್ವನವರಿಗೆ ಸುಮಂಗಲಾಳ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಕಾಲೇಜಿನಲ್ಲಿ ಪರೀಕ್ಷೆ ನಡೆದಿದೆ, ಉತ್ತರ ತಡವಾಯಿತು.

ನೀವು ನೋಡುವ ಮೊದಲೇ ನಾನು ಹೇಳಬೇಕಿತ್ತು. ಚಿತ್ರದವರು ಕಥೆಯ ಹಕ್ಕು ತೆಗೆದುಕೊಂಡಾಗ ಬೇಕಾದಂತೆ ಬದಲಿಸಿಕೊಳ್ಳುವ ಮಾತೂ ಅದರಲ್ಲಿತ್ತು. ಅವರು ಬರೆದುಕೊಂಡು ಬಂದದ್ದನ್ನು ನಾನು ಪೂರ್ತಿ ಓದಲೂ ಇಲ್ಲ. ಆ ರಾಣಿ ನಾನು ಬರೆದವಳಲ್ಲ. ಸೆರಗು ಕಚ್ಚುವ ವಿಷಯ ಯಾರಿಗೂ ಹೇಳಿಲ್ಲ. ಶೂಟಿಂಗಿಗೆ ಮೊದಲು ಸಹಾಯಕ ನಿರ್ದೇಶಕರಿಬ್ಬರು ಊರು ನೋಡಲು ಕಂಪ್ಲಿಗೆ ಬಂದಿದ್ದರಲ್ಲ, ನೀವೇ ಅವರಿಗೆ ಮಂಡಾಳ ಒಗ್ಗರಣೆ ಮಾಡಿ ಹಾಕಿದಿರಿ. ಅವರು ಅಲ್ಲಿ ಕಂಡದ್ದೇನಾದರೂ ಇರಬಹುದು. ಅಥವಾ ಆ ನಟಿಯ ಅಭ್ಯಾಸವೇ ಇರಬಹುದು.

ನನ್ನ ಮೇಜಿನ ಮೇಲೂ ಕಾಗದಗಳ ರಾಶಿ ಬಿದ್ದಿದೆ. ಇಳಕಲ್ಲಿನ ಮೇಷ್ಟ್ರೊಬ್ಬರು ನಾನು ಪುಸ್ತಕ ಮಾರಿಕೊಂಡೆ ಎಂದು ಬೈದಿದ್ದಾರೆ. ಹೊಸಪೇಟೆಯ ಹುಡುಗನೊಬ್ಬ, "ಪುಸ್ತಕಕ್ಕಿಂತ ಸಿನಿಮಾ ಚೆನ್ನಾಗಿದೆ ಮೇಡಂ, ಅದರಲ್ಲಿ ಕೊನೆಗಾದರೂ ಹೇಳುತ್ತಾರೆ" ಎಂದು ಬರೆದಿದ್ದಾನೆ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಕಲ್ಲಿನ ಕೆಳಗಿನ ಊರಿನಲ್ಲಿ ಹೆಂಗಸರಿಗೆಲ್ಲ ಒಂದೇ ಮುಖ. ತುಂಗಿ ಅವರಲ್ಲಿ ಒಬ್ಬಳ ಕೈ ಹಿಡಿದು ಮೇಲೆ ಹತ್ತಿ ಬರುತ್ತಾಳೆ, ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಬಂದವಳು ಅವ್ವನೋ ಅಲ್ಲವೋ ಎಂದು ನಾನು ಬರೆದಿಲ್ಲ. ಚಿತ್ರದಲ್ಲಿ ರಾಣಿಯ ಕಣ್ಣೀರು ಮಗುವಿನ ಹಣೆಯ ಮೇಲೆ ಬೀಳುತ್ತದೆ, ಕಲ್ಲು ಸೀಳುತ್ತದೆ, ಅವಳಿಗೆ ಎಲ್ಲ ನೆನಪಾಗುತ್ತದೆ. ನೋಡುವವರಿಗೆ ಸಮಾಧಾನ. ಪುಸ್ತಕ ಬಂದಾಗಿನಿಂದ ಮಕ್ಕಳು ಇದೊಂದನ್ನೇ ಕೇಳುತ್ತಿದ್ದಾರೆ. ನಾನು ಯಾರಿಗೂ ಉತ್ತರ ಕೊಟ್ಟಿಲ್ಲ.

ನೀವು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದು ಕಥೆ. ಮೊಣಕಾಲಿನ ಮಾತ್ರೆ ತಪ್ಪಿಸಬೇಡಿ.

ಇತಿ,
ಸುಮಂಗಲಾ


ಕಂಪ್ಲಿ
24 ಡಿಸೆಂಬರ್ 2006

ಪ್ರೀತಿಯ ಸುಮಂಗಲಾ,

ಹಚ್ಚಿಕೊಳ್ಳಬೇಡಿ ಎಂದು ನೀನು ಬರೆದೆ. ನಾನು ಇನ್ನೊಂದು ಸಲ ನೋಡಿ ಬಂದೆ.

ಈ ಸಲ ಹೊಸಪೇಟೆಯಲ್ಲಿ, ರಾಮಾಂಜಿನಿಯ ಜೊತೆ. ಅವನಿಗೆ ಅದು ಮೂರನೆಯ ಸಲವಂತೆ. ಬಂಡೆ ಹಾರುವುದಕ್ಕಲ್ಲ, ರಾಣಿ ಅಳುವುದಕ್ಕೆ ಹೋಗುತ್ತಾನೆ. ದಾರಿಯಲ್ಲಿ ನನಗೆ ಹೇಳಿದ, "ಅಕ್ಕನ ಬುಕ್ಕಿನ್ಯಾಗ ಅವ್ವ ಬಂದ್ಲೋ ಇಲ್ಲೋ ಗೊತ್ತಾ ಆಗಂಗಿಲ್ಲ. ಇದ್ರಾಗ ಬರ್ತಾಳ. ಇದಾ ಚಲೋ ಐತಿ ಬಿಡವ್ವ." ಅವನು ಆಮೇಲೆ ಹುಟ್ಟಿದವನು. ಅವನಿಗೆ ಯಾರೂ ಏನೂ ಹೇಳಿಲ್ಲ.

ನಮ್ಮ ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಕುಳಿತಿದ್ದರು. ಒಬ್ಬಳು, ಹೆತ್ತವಳು ಮಗಳನ್ನು ಮರೆಯುವುದುಂಟೇ, ಇವೆಲ್ಲ ಪಿಚ್ಚರಿನವರ ಸುಳ್ಳು ಅನ್ನುತ್ತಿದ್ದಳು. ಇನ್ನೊಬ್ಬಳು ಮೆಲ್ಲಗೆ, ತನ್ನ ಅಕ್ಕ ಬಾಣಂತಿತನದಲ್ಲಿ ಹಾಗಾಗಿದ್ದಳು, ಕೂಸಿನ ಮುಖ ನೋಡಲೂ ಒಲ್ಲೆ ಅನ್ನುತ್ತಿದ್ದಳು ಎಂದಳು. ಯಾವ ಊರಿನ ಅಕ್ಕ, ಆಮೇಲೆ ಏನಾದಳು ಎಂದು ತಿರುಗಿ ಕೇಳಬೇಕೆನ್ನಿಸಿತು. ಪಕ್ಕದಲ್ಲಿ ರಾಮಾಂಜಿನಿ ಇದ್ದ.

ಈಗ ನಿನ್ನನ್ನು ಕೇಳುತ್ತೇನೆ. ಫೋನಿನಲ್ಲಿ ಕೇಳಲಾರೆ, ಅದು ಯಾವಾಗಲೂ ಅವನ ಜೇಬಿನಲ್ಲಿರುತ್ತದೆ.

ನಿನ್ನ ನಂತರ ಹುಟ್ಟಿದ ಗಂಡುಕೂಸು ಉಳಿಯಲಿಲ್ಲ. ಅದು ನನಗೆ ನೆನಪಿದೆ. ಅದರ ಬಟ್ಟೆಗಳನ್ನು ನಾನು ದಿನವೂ ಒಗೆದು ಒಣಗಿಸುತ್ತಿದ್ದೆ, ಅದೂ ನೆನಪಿದೆ. ಆಮೇಲೆ ನನ್ನ ತಲೆ ನನ್ನ ಕೈಯಲ್ಲಿ ಉಳಿಯಲಿಲ್ಲ. ನಿಮ್ಮಪ್ಪ ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಬಿಟ್ಟರು. ಅಲ್ಲಿ ಇದ್ದದ್ದು, ಅಲ್ಲಿಂದ ಬಂದದ್ದು, ಬಂದ ಮೇಲಿನ ಕೆಲವು ತಿಂಗಳು ನನಗೆ ನೆನಪಿಲ್ಲ. ಕಾಯಿಲೆಯಿಂದಲೋ, ಅವರು ಕೊಟ್ಟ ಔಷಧದಿಂದಲೋ. ನಿಮ್ಮಪ್ಪನನ್ನು ಒಂದೇ ಸಲ ಕೇಳಿದ್ದೆ. "ಆತು ಹೋತು, ಅದನ್ನ ಮತ್ತ ಎತ್ತಬ್ಯಾಡ" ಎಂದರು. ಅವರು ಹೋಗುವವರೆಗೂ ನಾನು ಎತ್ತಲಿಲ್ಲ. ನೀನೂ ಯಾವತ್ತೂ ಕೇಳಲಿಲ್ಲ. ನೀನು ಎಲ್ಲ ತಿಳಿದು ಸುಮ್ಮನಿದ್ದೀಯೆ ಎಂದೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ನೀನಾಗ ಒಂದನೇ ಇಯತ್ತೆಯಲ್ಲಿದ್ದೆ. ನಿನಗೆ ನೆನಪಿರಬೇಕು. ನಾನು ವಾಪಸು ಬಂದಾಗ ನಿನ್ನ ಗುರುತು ನನಗೆ ಸಿಕ್ಕಲಿಲ್ಲವೇ? ಆ ರಾಣಿ ಕೇಳುವ ಮಾತನ್ನು ನಾನು ನಿನಗೆ ಕೇಳಿದ್ದೆನೇ?

ಇನ್ನೊಂದು ಮಾತಿದೆ. ರಾಮಾಂಜಿನಿ ನನಗೆ ನೀ ಅನ್ನುತ್ತಾನೆ. ಓಣಿಯ ಮಕ್ಕಳೆಲ್ಲ ಅವರವರ ಅವ್ವನಿಗೆ ನೀ ಅನ್ನುತ್ತಾರೆ. ನೀನೊಬ್ಬಳೇ ಚಿಕ್ಕಂದಿನಿಂದ ನೀವು ಅನ್ನುವವಳು. ಓದುವ ಹುಡುಗಿ, ಹಾಗೆ ಎಂದುಕೊಂಡಿದ್ದೆ. ಈಗ ಏನೂ ತಿಳಿಯದಾಗಿದೆ.

ನಿನ್ನ ಅವ್ವ,
ಊರಮ್ಮ


ಕಂಪ್ಲಿ
20 ಜನವರಿ 2007

ಸುಮಂಗಲಾ,

ಸಂಕ್ರಾಂತಿಗೆ ಫೋನು ಮಾಡಿದ್ದೆಯಂತೆ. ರಾಮಾಂಜಿನಿ ಗಣಿಯಲ್ಲಿದ್ದ, ಮಾತು ಸರಿಯಾಗಿ ಕೇಳಲಿಲ್ಲ ಎಂದ. ಕಾಗದ ಮುಟ್ಟಿದೆ, ಬರೆಯುತ್ತೇನೆ ಎಂದಷ್ಟೇ ಹೇಳಿದೆಯಂತೆ.

ನೀನು ಬರೆಯದಿದ್ದರೆ ಬೇಸರವಿಲ್ಲ. ನಾನು ಸಂಡೂರಿಗೆ ಹೋಗಿ ನಿಮ್ಮ ಜಂಬಮ್ಮತ್ತೆಯನ್ನು ಕೇಳುತ್ತೇನೆ. ನಾನಿಲ್ಲದಾಗ ನಿನ್ನನ್ನು ನೋಡಿಕೊಂಡವಳು ಅವಳೇ. ಈಗ ಉಳಿದಿರುವವಳೂ ಅವಳೊಬ್ಬಳೇ.

ಪಿಚ್ಚರ್ ಕಂಪ್ಲಿಯಿಂದ ಎತ್ತಿದ್ದಾರೆ. ಅಂಗನವಾಡಿಯ ಮಕ್ಕಳು ಮಾತ್ರ ಇನ್ನೂ ರಾಣಿಯ ಆಟ ಆಡುತ್ತಾರೆ. ರಾಣಿ ಯಾರಾಗಬೇಕೆಂದು ದಿನಾ ಜಗಳ.

ಊರಮ್ಮ


ಬೀದರ್
2 ಫೆಬ್ರವರಿ 2007

ಅವ್ವ,

ಎಷ್ಟೋ ಸಲ ಬರೆಯಲು ಕುಳಿತೆ. ನೀವು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿದ್ದಿದ್ದರೆ ಅಂದೇ ಬರೆಯುತ್ತಿದ್ದೆ.

ನೀವು ಎಲ್ಲ ತಿಳಿದು ಸುಮ್ಮನಿದ್ದೀರಿ ಎಂದು ನಾನು ಅಂದುಕೊಂಡಿದ್ದೆ. ಎಲ್ಲಿಗೆ ಹೋಗಿದ್ದಿರಿ ಎಂಬುದೇ ನನಗೆ ತಿಳಿದಿರಲಿಲ್ಲ. ಧಾರವಾಡದ ಹೆಸರನ್ನು ನಾನು ಕೇಳಿದ್ದು ಅಪ್ಪ ತೀರಿಕೊಂಡ ಮೇಲೆ, ಯಾರೋ ನೆಂಟರ ಬಾಯಲ್ಲಿ. ಆಗಲೂ ಆಸ್ಪತ್ರೆ ಎಂದು ಹೊಳೆಯಲಿಲ್ಲ.

ನನಗೆ ನೆನಪಿರುವುದನ್ನು ಬರೆಯುತ್ತೇನೆ. ಕೋಟೆಯ ಹತ್ತಿರ ಹೊಳೆ ಕೆಂಪಾಗಿ ಹರಿಯುತ್ತಿತ್ತು. ನೀವು ಹರಗೋಲಿನಲ್ಲಿ ಕುಳಿತಿದ್ದಿರಿ, ಅಪ್ಪ ಪಕ್ಕದಲ್ಲಿದ್ದರು. ಹರಗೋಲು ತಿರುಗಿದಾಗ ನಿಮ್ಮ ಮುಖ ಕಾಣುತ್ತಿತ್ತು, ಮತ್ತೆ ಬೆನ್ನು, ಮತ್ತೆ ಮುಖ. ನಾನು ದಡದಲ್ಲಿದ್ದೆ. ಇಷ್ಟೇ. ಆದರೆ ಈಗ ಅದೂ ನಂಬಿಕೆಯಾಗುತ್ತಿಲ್ಲ. ಧಾರವಾಡಕ್ಕೆ ಹೊಸಪೇಟೆಯಿಂದ ರೈಲಿದೆ. ಹೊಳೆ ಏಕೆ ದಾಟಬೇಕಿತ್ತು? ಪುಸ್ತಕ ಬರೆಯುವಾಗ ನಾನು ಹರಗೋಲನ್ನು ಕಟ್ಟಿಕೊಂಡೆನೋ, ಹರಗೋಲನ್ನು ಕಂಡದ್ದರಿಂದ ಪುಸ್ತಕ ಬರೆದೆನೋ, ಹೇಳಲಾರೆ. ಚಿತ್ರ ನೋಡಿದ ಮೇಲೆ ಇನ್ನೂ ಕೆಟ್ಟಿತು. ಈಗ ನಿಮ್ಮನ್ನು ನೆನೆದರೆ ಹರಗೋಲಿನಲ್ಲಿ ಆ ನಟಿ ಕುಳಿತಿರುತ್ತಾಳೆ.

ನೀವು ಬಂದದ್ದು ನೆನಪಿಲ್ಲ. ಮನೆಯಲ್ಲಿ ಒಬ್ಬ ಹೆಂಗಸು ಇದ್ದದ್ದು ನೆನಪಿದೆ. ತಲೆಗೆ ಬಟ್ಟೆ ಕಟ್ಟಿಕೊಂಡಿರುತ್ತಿದ್ದರು, ಕಂಬಕ್ಕೆ ಒರಗಿ ಕೂರುತ್ತಿದ್ದರು. ಅವರು ನನ್ನನ್ನು ಬೈದದ್ದಾಗಲಿ ದೂಡಿದ್ದಾಗಲಿ ನೆನಪಿಲ್ಲ. ನಾನು ನಿಮಗೆ 'ನೀವು' ಅನ್ನುವುದು ಓದಿನಿಂದ ಬಂದದ್ದಲ್ಲ. ಮನೆಗೆ ಬಂದವರಿಗೆ ಬರ್ರಿ, ಕುಂದ್ರಿ ಅನ್ನಬೇಕೆಂದು ಜಂಬಮ್ಮತ್ತೆ ಕಲಿಸಿದ್ದರು. ನಾನು ಅಂದೆ. ಆಮೇಲೆ ಅದನ್ನು ಯಾವಾಗ ಬದಲಿಸಬೇಕೆಂದು ಯಾರೂ ಹೇಳಲಿಲ್ಲ. ಈಗ ಬದಲಿಸಲು ಹೋದರೆ ನಾಲಿಗೆ ತೊಡರುತ್ತದೆ. ನಿನ್ನೆ ಒಬ್ಬಳೇ ಅಡುಗೆಮನೆಯಲ್ಲಿ ನಿಂತು 'ನೀ' ಎಂದು ಅಂದು ನೋಡಿದೆ. ಆಗಲಿಲ್ಲ.

ಸಂಡೂರಿಗೆ ಹೋಗಬೇಡಿ ಎನ್ನಲಾರೆ. ಅತ್ತೆ ಏನು ಹೇಳಿದರೂ ನನಗೂ ಬರೆಯಿರಿ.

ಸುಮಂಗಲಾ


ಕಂಪ್ಲಿ
25 ಫೆಬ್ರವರಿ 2007

ಪ್ರೀತಿಯ ಸುಮಂಗಲಾ,

ಹೋಗಿ ಬಂದೆ. ಹೊಸಪೇಟೆಯಿಂದ ಸಂಡೂರಿಗೆ ಬಸ್ಸು ಹೋಯಿತು ಎನ್ನುವುದಕ್ಕಿಂತ ಟಿಪ್ಪರ್‌ಗಳ ಹಿಂದೆ ನಿಂತಿತು ಎನ್ನಬೇಕು. ಕಿಟಕಿ ಮುಚ್ಚಿದ್ದರೂ ಇಳಿಯುವಾಗ ನನ್ನ ಮಡಿಲೆಲ್ಲ ಕೆಂಪಾಗಿತ್ತು. ಜಂಬಕ್ಕನ ಅಂಗಳದಲ್ಲಿ ಗಿಡದ ಎಲೆಗಳೂ ಕೆಂಪು. ಅವಳು ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದಳು. ನನ್ನನ್ನು ನೋಡಿ, "ಪಿಚ್ಚರ್ ನೋಡಿದೇನು?" ಎಂದಳು. ಬಂದದ್ದು ಏಕೆ ಎಂದು ಕೇಳಲೂ ಇಲ್ಲ.

ಮೊಮ್ಮಗನ ಹೆಂಡತಿ ಪೂಜಿತಾ ಅವಳನ್ನು ಸಂಡೂರಿನ ಟಾಕೀಸಿಗೆ ಕರೆದುಕೊಂಡು ಹೋಗಿದ್ದಳಂತೆ. ಭಾಳ ಚಲೋ ಮಾಡ್ಯಾರ, ಇದ್ದದ್ದು ಇದ್ದಂಗ ತೆಗದಾರ ಎಂದು ಹೊಗಳಿದಳು. ಇದ್ದದ್ದು ಏನು ಎಂದು ಕೇಳಿದೆ. ಹೇಳಲು ಕುಳಿತಳು. ನೀನು ಓಡಿ ಬಂದು ನನ್ನ ಕಾಲು ಹಿಡಿದೆಯಂತೆ, ನಾನು ಕಾಲು ಜಾಡಿಸಿದೆನಂತೆ, ಇದು ಯಾರ ಮಗು, ಹೊರಗೆ ಹಾಕಿ ಎಂದೆನಂತೆ. ನಿನ್ನ ಹಣೆಗೆ ಕಂಬ ತಗಲಿ ರಕ್ತ ಬಂತಂತೆ. ನಿನ್ನ ಹಣೆಯಲ್ಲಿ ಗಾಯದ ಗುರುತು ಇದೆಯೋ ಇಲ್ಲವೋ, ಹೆತ್ತವಳು ನಾನು, ನನಗೆ ಜ್ಞಾಪಕವೇ ಬರಲಿಲ್ಲ.

ಪೂಜಿತಾ ಒಳಗಿನಿಂದ ಚಹಾ ತಂದಳು. ಜಂಬಕ್ಕನ ಮಾತು ಕೇಳಿ ನಕ್ಕುಬಿಟ್ಟಳು. "ಅಜ್ಜಿ, ಅದು ಪಿಚ್ಚರಿನ್ಯಾಗಿಂದು. ಮೊನ್ನೆ ನೋಡಿ ಬಂದಿವಲ್ಲ" ಎಂದಳು. ಜಂಬಕ್ಕ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಹೌದೇನು?" ಎಂದಳು. ಅವಳ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಮನೆಗೆ ನಡೆದು ಬಂದು ಬಾಗಿಲೇ ಇಲ್ಲದ್ದನ್ನು ಕಂಡವಳ ಹಾಗೆ ಕುಳಿತಿದ್ದಳು.

ಹರಗೋಲಿನ ವಿಷಯ ಕೇಳಿದೆ. ಹರಗೋಲು ಎಲ್ಲಿಂದ ಬಂತು, ಬಸ್ಸಿನಲ್ಲಿ ಹೋದೆ ನೀನು ಎಂದಳು. ಸ್ವಲ್ಪ ತಡೆದು, ಹರಗೋಲಿನಲ್ಲೂ ಇರಬಹುದು ಎಂದಳು. ಇನ್ನು ಕೇಳುವುದರಲ್ಲಿ ಅರ್ಥವಿಲ್ಲ ಎಂದುಕೊಂಡೆ.

ಊಟವಾದ ಮೇಲೆ ಇಬ್ಬರೂ ಶೇಂಗಾ ಸುಲಿಯುತ್ತಾ ಕುಳಿತಿದ್ದೆವು. ನಾನು ಕೇಳದೆಯೇ ಅವಳು ಶುರು ಮಾಡಿದಳು. ಅವಳ ಮಾತನ್ನೇ ಬರೆಯುತ್ತೇನೆ.

"ಒಂದು ಮಾತು ಹೇಳ್ತೀನಿ. ಇದು ಪಿಚ್ಚರಿನ್ಯಾಗ ಐತೋ ಇಲ್ಲೋ ನೀನಾ ನೋಡ್ಕ. ನೀ ಬಂದಾಗ ತಲಿ ಬೋಳಿಸಿದ್ರು, ಕಡ್ಡಿ ಆಗಿದ್ದಿ. ಹುಡುಗಿ ಹೊಸ್ತಿಲದಾಗ ಕುಂತಿತ್ತು. ನಮ್ಮ ತಮ್ಮ, ನೋಡವ್ವ ನಿಮ್ಮವ್ವ ಬಂದಾಳ ಅಂದ. ಆ ಹುಡುಗಿ ನಿನ್ನ ಹಿಂದಕ ನೋಡ್ತು. ಹಿಂದ ಇನ್ನೂ ಯಾರಾರ ಬರಾಕ್ಹತ್ಯಾರೇನು ಅಂತ. ಯಾರೂ ಇರ್ಲಿಲ್ಲ. ನಿನಗ ಕುಂದ್ರಿ ಅಂತು, ನೀರು ತಂದು ಕೊಡ್ತು. ಸಂಜಿಗೆ ನಿನ್ನ ಹತ್ರ ಬಂದು ನಮ್ಮವ್ವ ಯಾವಾಗ ಬರ್ತಾಳ್ರಿ ಅಂತ ಕೇಳ್ತು. ನೀ, ನಾಳಿಗೆ ಬರ್ತಾಳವ್ವ ಅಂದಿ."

ಅದು ಒಂದು ದಿನದ ಮಾತಲ್ಲವಂತೆ. ದಿನಾ ಸಂಜೆ ನೀನು ಕೇಳುತ್ತಿದ್ದೆ, ದಿನಾ ನಾನು ಅದನ್ನೇ ಹೇಳುತ್ತಿದ್ದೆ. ನೋಡಲಾರದೆ ಜಂಬಕ್ಕ ಒಮ್ಮೆ ನನ್ನನ್ನು ಗದರಿದಳಂತೆ, ನಾನೇ ನಿಮ್ಮವ್ವ ಎಂದು ಹೇಳಬಾರದೇ ಎಂದು. ಅದಕ್ಕೆ ನಾನು ಹೇಳಿದೆನಂತೆ, "ಕಾಯ್ಲಿ ಬಿಡ್ರಕ್ಕ. ಕಾಯಾದು ಬಿಟ್ರ ಆಕಿ ಹತ್ರ ಮತ್ತೇನೈತಿ."

ಒಂದು ದಿನ ನೀನು ಕೇಳುವುದನ್ನು ಬಿಟ್ಟೆ. ಯಾವಾಗ ಎಂದು ಅವಳಿಗೂ ಗೊತ್ತಿಲ್ಲ.

ಪೂಜಿತಾಳನ್ನು ಕೇಳಿದೆ, ಪಿಚ್ಚರಿನಲ್ಲಿ ಈ ಸೀನ್ ಇಲ್ಲ ಎಂದಳು. ಮನೆಗೆ ಬಂದು ನಿನ್ನ ಪುಸ್ತಕವನ್ನು ಮೊದಲನೇ ಪುಟದಿಂದ, ಏನೂ ಬಿಡದೆ ಓದಿದೆ. ಅದರಲ್ಲೂ ಇಲ್ಲ. ನೀನು ಬರೆದ ಬೇರೆ ಯಾವ ಪುಸ್ತಕದಲ್ಲಾದರೂ ಇದೆಯೇ? ಇದ್ದರೆ ಹೇಳಿಬಿಡು. ನನಗೆ ಆ ಮಾತು ಆಡಿದ ನೆನಪೇ ಇಲ್ಲ.

ನಿನ್ನ ಅವ್ವ,
ಊರಮ್ಮ


ಬೀದರ್
11 ಮಾರ್ಚ್ 2007

ಅವ್ವ,

ಇಲ್ಲ. ನಾನು ಬರೆದ ಯಾವುದರಲ್ಲೂ ಅದು ಇಲ್ಲ.

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಬೆಲ್ಲು ಹೊಡೆದಾಗ ಎದ್ದು ಹೋಗಿ ಬೇರೆ ಯಾರದೋ ಕ್ಲಾಸಿನಲ್ಲಿ ನಿಂತಿದ್ದೆ. ಎದುರಿಗೆ ಕುಳಿತವರ ಮುಖಗಳು ನನ್ನ ವಿದ್ಯಾರ್ಥಿಗಳವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರೂ ಸುಮ್ಮನೆ ಕುಳಿತಿದ್ದರು.

ಕೇಳುವುದನ್ನು ನಾನು ಯಾವಾಗ ಬಿಟ್ಟೆ? ನೀವೇ ಎಂದು ತಿಳಿದು ಬಿಟ್ಟೆನೋ, ಇನ್ನು ಬರುವುದಿಲ್ಲ ಎಂದು ಬಿಟ್ಟೆನೋ? ಇವೆರಡರಲ್ಲಿ ಯಾವುದು ಎಂದು ಹೇಳಬಲ್ಲವಳು ಒಬ್ಬಳೇ ಇದ್ದಳು, ಆ ಒಂದನೇ ಇಯತ್ತೆಯ ಹುಡುಗಿ. ಅವಳ ಜೊತೆ ನನಗೆ ಮಾತು ಬಿಟ್ಟುಹೋಗಿದೆ. ನನಗೆ ತಿಳಿವಳಿಕೆ ಬಂದಾಗಿನಿಂದ ನೀವೇ ಅವ್ವ. ಜ್ವರ ಬಂದಾಗ ನೀವು, ಹೈಸ್ಕೂಲಿನ ಫೀಸಿಗೆ ಅಪ್ಪನ ಜೊತೆ ಜಗಳವಾಡಿದವರೂ ನೀವು. ಆದರೂ ಬಾಗಿಲು ಸದ್ದಾದರೆ ಇವತ್ತಿಗೂ ನಾನು ಬಂದವರ ಬೆನ್ನ ಹಿಂದೆ ಒಮ್ಮೆ ನೋಡುತ್ತೇನೆ. ಏಕೆಂದು ನನಗೆ ಗೊತ್ತಿರಲಿಲ್ಲ. ಕೆಟ್ಟ ಚಟ ಎಂದುಕೊಂಡಿದ್ದೆ.

ಪುಸ್ತಕದ ಕೊನೆಯನ್ನು ನಾನು ಎರಡೂ ಬಗೆಯಲ್ಲಿ ಬರೆದು ನೋಡಿದ್ದೆ. ಬಂದವಳು ಅವ್ವನೇ ಎಂದು ಬರೆದೆ, ಸುಳ್ಳೆನ್ನಿಸಿತು. ಅಲ್ಲ ಎಂದು ಬರೆದೆ, ಅದೂ ಸುಳ್ಳೆನ್ನಿಸಿತು. ಹಾಗಾಗಿ ಅಲ್ಲಿಗೇ ನಿಲ್ಲಿಸಿದೆ. ವಿಮರ್ಶಕರೊಬ್ಬರು ಅದನ್ನು ನಮ್ಮ ಕಾಲದ ಮನುಷ್ಯನ ಸಂದಿಗ್ಧ ಎಂದು ಕೊಂಡಾಡಿದರು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಈಗ ಪ್ರಕಾಶಕರು ಹೊಸ ಮುದ್ರಣ ತರುತ್ತಿದ್ದಾರೆ. ರಕ್ಷಾಪುಟಕ್ಕೆ ರಾಣಿಯ ಚಿತ್ರ ಬೇಕಂತೆ, ಕೊನೆಗೆ ಒಂದು ಪುಟ ಸೇರಿಸಿ ಚಿತ್ರದಂತೆಯೇ ಮುಗಿಸಬೇಕಂತೆ. ನೋಡಿದವರೆಲ್ಲ ಅದನ್ನೇ ಕೇಳುತ್ತಿದ್ದಾರೆ, ಓದುವ ಮಕ್ಕಳಿಗೂ ನೆಮ್ಮದಿ ಎನ್ನುತ್ತಾರೆ. ಅವರ ಕಾಗದ ಇನ್ನೂ ಮೇಜಿನ ಮೇಲೇ ಇದೆ. ರಾಮಾಂಜಿನಿಯಂಥವರು ಅದರಿಂದ ಸುಖವಾಗಿ ಮಲಗುವುದಾದರೆ ಬೇಡವೆನ್ನಲು ನಾನು ಯಾರು?

ನೀವು ಎಲ್ಲರ ಅಭಿಪ್ರಾಯ ಬರೆದಿರಿ. ಉಚ್ಚಂಗೆಮ್ಮನದು, ಹನುಮಣ್ಣನವರದು, ಜಂಬಮ್ಮತ್ತೆಯದು. ನಿಮ್ಮದನ್ನು ಬರೆಯಲಿಲ್ಲ. ಯುಗಾದಿಗೆ ಬರುತ್ತೇನೆ. ಆಗ ಹೇಳಿ.

ಸುಮಂಗಲಾ


ಕಂಪ್ಲಿ
8 ಏಪ್ರಿಲ್ 2007

ಪ್ರೀತಿಯ ಸುಮಂಗಲಾ,

ನೀನು ಬಂದು ಹೋದ ಮೇಲೆ ಮನೆ ದೊಡ್ಡದಾಗಿದೆ. ರಾಮಾಂಜಿನಿ ಎರಡು ದಿನ ನಿನ್ನ ಬಗ್ಗೆಯೇ ಮಾತಾಡಿದ. ಅಕ್ಕ ಈ ಸಲ ಹೋಳಿಗೆ ಎರಡನೇ ಸಲ ಹಾಕಿಸಿಕೊಂಡಳು ಎಂದ.

ಕೇಳಲು ಬಂದದ್ದನ್ನು ನೀನು ಕೇಳಲಿಲ್ಲ, ಹೇಳಬೇಕಾದದ್ದನ್ನು ನಾನೂ ಹೇಳಲಿಲ್ಲ. ಅವನಿಗೆ ಹೆಣ್ಣು ನೋಡುವ ಮಾತಾಯಿತು, ನನ್ನ ಮೊಣಕಾಲಿನ ಮಾತಾಯಿತು. ನೀನು ಬೇವು ಬೆಲ್ಲ ಕೊಡುವಾಗ ನಿನ್ನ ಹಣೆಯನ್ನು ಹತ್ತಿರದಿಂದ ನೋಡಿದೆ. ಗಾಯದ ಗುರುತು ಇಲ್ಲ. ಅಷ್ಟಾದರೂ ಗೊತ್ತಾಯಿತು.

ಆ ದಿನ ಸಂಜೆ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಸೇರಿದ್ದಾಗ ಉಚ್ಚಂಗೆಮ್ಮ ನಿನ್ನನ್ನು ಹಿಡಿದಳು. "ಪಿಚ್ಚರ್ ಇರ್ಲಿ, ನೀ ಹೇಳವ್ವ. ಬುಕ್ಕಿನ್ಯಾಗ ಮ್ಯಾಲೆ ಬಂದಾಕಿ ತಾಯಿನೋ ಅಲ್ಲೋ?" ಎಂದು ಕೇಳಿದಳು. ನೀನು, "ನನಗ ಗೊತ್ತಿಲ್ಲ" ಎಂದೆ. ಬರೆದವಳಿಗೇ ಗೊತ್ತಿಲ್ಲವಂತೆ ಎಂದು ಎಲ್ಲರೂ ನಕ್ಕರು. ನೀನು ನಗಲಿಲ್ಲ, ನನ್ನ ಕಡೆ ನೋಡಿದೆ. ಹಾಲು ಉಕ್ಕುತ್ತದೆ ಎಂದು ನಾನು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಅದು ನಿನಗೆ ಗೊತ್ತಿತ್ತು ಎಂದು ನನಗೂ ಗೊತ್ತು.

ಈಗ ಬರೆಯುತ್ತೇನೆ. ಎದುರಿಗೆ ಹೇಳಲಾರದ್ದು ಕಾಗದದಲ್ಲಿ ಬರುತ್ತದೆ.

ಪಿಚ್ಚರ್ ನೋಡಿದವರೆಲ್ಲ ಹುಡುಗಿಯ ಮಾತು ಆಡುತ್ತಾರೆ. ನಿನಗೆ ಕಾಗದ ಬರೆಯುವ ಮಕ್ಕಳೂ ಹುಡುಗಿಯನ್ನೇ ಕೇಳುತ್ತಾರೆ, ತುಂಗಿ ಸರಿಯಾದವಳ ಕೈ ಹಿಡಿದಳೋ ಇಲ್ಲವೋ ಎಂದು. ಆ ಹೆಂಗಸಿನ ಮಾತನ್ನು ಯಾರೂ ಎತ್ತುವುದಿಲ್ಲ. ಪಿಚ್ಚರಿನವರು ಎತ್ತಿದರು, ಆದರೆ ಅವಳಿಗೆ ಕಿರೀಟ ಇಟ್ಟು ಕೆಡಿಸಿದರು. ಮಗುವನ್ನು ಹೊರಗೆ ಹಾಕಿ ಅನ್ನಬೇಕಾದರೆ ಅದು ತನ್ನದಲ್ಲ ಎಂದು ಖಾತ್ರಿ ಇರಬೇಕು. ಅವಳಿಗೆ ಅಷ್ಟು ಖಾತ್ರಿ ಎಲ್ಲಿಂದ ಬರಬೇಕು?

ನಾನು ಹೀಗೆ ಅಂದುಕೊಳ್ಳುತ್ತೇನೆ. ಆ ಊರಿನಲ್ಲಿ ಹೆಂಗಸರಿಗೆಲ್ಲ ಒಂದೇ ಮುಖ ಎಂದು ನೀನು ಬರೆದಿದ್ದೀಯೆ. ಹಾಗಿದ್ದರೆ ಅವರಿಗೂ ತಾವು ಯಾರು, ಯಾರ ಹೆಂಡತಿ, ಯಾರ ತಾಯಿ ಎಂದು ತಿಳಿಯುತ್ತಿರಲಿಲ್ಲ. ಸುಮ್ಮನೆ ಕುಳಿತಿದ್ದರು. ಅಂಥಲ್ಲಿ ಒಂದು ಹುಡುಗಿ ಬಂದು ಒಬ್ಬಳ ಕೈ ಹಿಡಿಯಿತು. ನನ್ನನ್ನೇ ಏಕೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಇದು ನನ್ನದೋ, ಪಕ್ಕದಲ್ಲಿ ಕುಳಿತವಳದೋ ಎಂದು ನೋಡಿದಳು. ಹುಡುಗಿಯ ಮುಖ ನೋಡಿದರೂ ನೆನಪು ಬರಲಿಲ್ಲ. ಅಲ್ಲ ಎಂದು ಕೈ ಬಿಡಿಸಿಕೊಳ್ಳಬಹುದಿತ್ತು. ಆದರೆ ಕೈ ಬಹಳ ಸಣ್ಣದು, ಹತ್ತುವ ದಾರಿ ಕಡಿದು, ಕಲ್ಲು ಜಾರುತ್ತಿತ್ತು. ಯಾರ ಮಗುವಾದರೂ ಆಗಲಿ, ಮೇಲಿನವರೆಗೆ ಹತ್ತಿಸಿಬಿಡೋಣ, ಬಿಸಿಲಿಗೆ ಹೋದ ಮೇಲೆ ಇದರ ತಾಯಿ ಬಂದು ಕೇಳಿದರೆ ಕೊಟ್ಟರಾಯಿತು ಎಂದು ಎದ್ದಳು.

ಮೇಲೆ ಬಂದ ಮೇಲೆ ಅವಳೂ ಕಾದಳು. ಹುಡುಗಿಗೆ ನಾಳೆ, ನಾಳೆ ಎಂದದ್ದು ಸಮಾಧಾನಕ್ಕೆ ಹೇಳಿದ ಸುಳ್ಳಲ್ಲ. ಬರುತ್ತಾಳೆ ಎಂದೇ ಅವಳೂ ದಾರಿ ನೋಡುತ್ತಿದ್ದಳು.

ಬೇರೆ ಯಾರೂ ಕೇಳಿಕೊಂಡು ಬರಲಿಲ್ಲ. ಹಾಗಾಗಿ ಇಟ್ಟುಕೊಂಡಳು.

ನನ್ನ ಅಭಿಪ್ರಾಯ ಇಷ್ಟು. ಸರಿಯೋ ತಪ್ಪೋ ತಿಳಿಯದು. ಪುಸ್ತಕಕ್ಕೆ ಪುಟ ಸೇರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಅವ್ವ,
ಊರಮ್ಮ